ಜಾಝ್ ಮೂಕಪ್ಪನ ಸುತ್ತುಹಾದಿ

ರಾಯಚೂರಿನ ಸ್ಟೇಷನ್ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ಹಿಟ್ಟಿನ ಗಿರಣಿ ಇದೆ. ಅದರ ಪಕ್ಕದ ಕೋಣೆಯಲ್ಲಿ ಮೂಕಪ್ಪ ತಾತ ಗಿಟಾರ್ ರಿಪೇರಿ ಮಾಡುತ್ತಾರೆ. ಹಾರ್ಮೋನಿಯಂಗಳೂ ಬರುತ್ತವೆ, ಕೆಲವೊಮ್ಮೆ ಮಕ್ಕಳ ಆಟದ ಪಿಯಾನೋ ಬರುತ್ತದೆ. ಹೊಸ ತಂತಿ ಹಾಕಿದ ಮೇಲೆ ಶ್ರುತಿ ಹಿಡಿಯಲು ಅವರು ಯಾವ ಯಂತ್ರವನ್ನೂ ನೋಡುವುದಿಲ್ಲ. ಗಿರಣಿ ಶುರುವಾಗಲಿ ಎಂದು ಕಾಯುತ್ತಾರೆ. ಬೆಲ್ಟು ಓಡತೊಡಗಿ ಅದರ ಸದ್ದು ಒಂದು ಮಟ್ಟಕ್ಕೆ ಬಂದು ನಿಂತಾಗ ಆ ಸದ್ದಿಗೆ ಮೊದಲ ತಂತಿಯನ್ನು ಕೂಡಿಸಿ, ಉಳಿದವನ್ನು ಅದಕ್ಕೆ ಹೊಂದಿಸುತ್ತಾರೆ. ಗಿರಾಕಿಗಳು ಅವಸರ ಮಾಡಿದರೆ, "ತಡೀರಿ, ಈಗ ಗೋಧಿ ಹಾಕ್ಯಾರ. ಜ್ವಾಳ ಬರ್ಲಿ. ಗೋಧಿ ಶ್ರುತಿ ಸಣ್ಣದು" ಎನ್ನುತ್ತಾರೆ. ಇದು ತಮಾಷೆಯೋ ನಿಜವೋ ನನಗೆ ಈಗಲೂ ಗೊತ್ತಾಗಿಲ್ಲ.

ಊರಿನಲ್ಲಿ ಅವರನ್ನು ಜಾಝ್ ಮೂಕಪ್ಪ ಎಂದು ಕರೆಯುತ್ತಾರೆ. ನಮ್ಮ ಕಡೆ ಆರ್ಕೆಸ್ಟ್ರಾದವರು ಡ್ರಮ್ಮಿನ ಸೆಟ್ಟಿಗೇ ಜಾಝ್ ಎನ್ನುವುದರಿಂದ ಹೊಸಬರು, "ನೀವು ಗಿಟಾರ್ ಬಾರಿಸ್ತೀರಿ, ಜಾಝ್ ಎಲ್ಲಿ ಇಟ್ಟೀರಿ?" ಎಂದು ಕೇಳುತ್ತಾರೆ. ಆಗ ತಾತ ತಮ್ಮ ಗಂಟಲು ಮುಟ್ಟಿ ತೋರಿಸುತ್ತಾರೆ. ಹೆಚ್ಚು ವಿವರಿಸುವುದಿಲ್ಲ. ವಿವರಿಸಿದರೆ ಮಾನ್ವಿಯ ಮದುವೆಯ ಮಾತು ಬರುತ್ತದೆ, ಅದು ಬಂದರೆ ಅವರ ಅಪ್ಪನ ಮಾತು ಬರುತ್ತದೆ. ಒಂದು ಪದವನ್ನು, ಎಂದರೆ ಹಾಡನ್ನು, ತನಗೆ ಬಂದ ಹಾಗೆ, ಅದರ ದಾರಿ ಬಲ್ಲ ತನ್ನ ಜನರ ಎದುರು, ಯಾರೂ ನಿಲ್ಲಿಸದೆ ಕೊನೆಯವರೆಗೆ ಹಾಡಬೇಕು ಎನ್ನುವುದೊಂದೇ ತಾತನ ಆಸೆಯಾಗಿತ್ತು. ಅವರ ವಯಸ್ಸೆಲ್ಲ ಅದಕ್ಕೇ ಹೋಯಿತು. ಅದೇ ಓಣಿಯವಳಾದ ನಾನು ಅವರಿಂದ, ಅವರ ಹೆಂಡತಿ ನಾಗವೇಣಮ್ಮನವರಿಂದ ಮತ್ತು ಡ್ರಮ್ಮಿನ ಸಲಾವುದ್ದೀನ್ ಅವರಿಂದ ಕೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ. ಕಡೆಯ ಭಾಗವನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಅವರು ಹುಟ್ಟಿದ್ದು ದೇವದುರ್ಗ ತಾಲೂಕಿನ ಒಂದು ಚಿಕ್ಕ ಊರಿನಲ್ಲಿ. ಅಪ್ಪ, ಅವ್ವ ಬಸ್ಸಮ್ಮ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ವರ್ಷವೆಲ್ಲ ಕೂಲಿಯವನಾದ ಅಪ್ಪ ಮೊಹರಂ ಬಂತೆಂದರೆ ಇಡೀ ಊರಿಗೆ ಬೇಕಾದವನಾಗುತ್ತಿದ್ದ. ಆ ಊರಿನಲ್ಲಿ ಮುಸಲ್ಮಾನರ ಮನೆಗಳು ಕೆಲವೇ ಇದ್ದರೂ ಮೊಹರಮ್ಮಿನ ಅಲಾಯಿ ಹಬ್ಬ ಎಲ್ಲರದು. ಅಲಾಯಿ ದೇವರೆಂದರೆ ಕೋಲಿಗೆ ಕಟ್ಟಿ ಕೂರಿಸುವ ಲೋಹದ ಪಂಜಾ. ಮಸೂತಿ ಕಟ್ಟೆಯ ಮುಂದೆ ಕುಣಿ ತೋಡಿ ಬೆಂಕಿ ಹಾಕಿ, ಅದರ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದಲ್ಲಿ ಮಡಿದವರ ಕತೆಯನ್ನು ನಮ್ಮ ಕನ್ನಡದಲ್ಲಿ ಹೇಳುವ ದುಃಖದ ಹಾಡುಗಳು ಅವು. ಒಬ್ಬರು ಮುಂದೆ ನಿಂತು ಒಂದು ಸಾಲು ಎತ್ತಿ ಕೊಡುತ್ತಾರೆ, ಮೇಳದವರು ಅದನ್ನು ತಿರುಗಿ ಹಾಡುತ್ತಾರೆ.

ಮುಂದೆ ನಿಂತು ಹಾಡುತ್ತಿದ್ದವನು ಮೂಕಪ್ಪ ತಾತನ ಅಪ್ಪ. ಅವನು ಸಾಲನ್ನು ಇದ್ದಹಾಗೆ ಕೊಡುತ್ತಿರಲಿಲ್ಲವಂತೆ. ಅರ್ಧ ಹಾಡಿ ನಿಲ್ಲಿಸುತ್ತಿದ್ದ. ಮೇಳದವರ ಕಾಲು ಮಾತ್ರ ನಡೆಯುತ್ತಿತ್ತು. ಆಮೇಲೆ ಮೇಲಿನ ಒಂದು ಸ್ವರ ಹಿಡಿದು ಎಲ್ಲೋ ಹೋಗಿ, ಈಗ ತಪ್ಪಿದ ಎಂದು ಎಲ್ಲರಿಗೂ ಅನ್ನಿಸುವ ಹೊತ್ತಿಗೆ ಸರಿಯಾಗಿ ಹೆಜ್ಜೆಗೆ ಬಂದು ಬೀಳುತ್ತಿದ್ದ.

"ನಮ್ಮಪ್ಪ ಹಾಡಾಕತ್ತಿದ್ರ ಹೆಂಗಸ್ರು ಸೆರಗು ಬಾಯಿಗಿ ಹಿಡ್ಕೊಂಡು ನಿಂತಿರ್ತಿದ್ರು. ದುಃಖಕ್ಕ ಅಂತೀಯೇನು? ಅಲ್ಲ. ಇವ ತಿರುಗಿ ಬರ್ತಾನೋ ಇಲ್ಲೋ ಅಂತ" ಎಂದು ತಾತ ಹೇಳುತ್ತಾರೆ.

ಅಪ್ಪನಿಗೆ ಒಂದು ಕಟ್ಟು ಇತ್ತು. ಹಬ್ಬದ ದಿನಗಳನ್ನು ಬಿಟ್ಟು ಆ ಪದಗಳನ್ನು ಹಾಡಬಾರದು. ಹೊಲದಲ್ಲಿಯೂ ಗುನುಗಬಾರದು, ಮದುವೆ ಗೊತ್ತಾದ ಮನೆಯ ಅಂಗಳದಲ್ಲಂತೂ ಆ ಧಾಟಿಯನ್ನು ನೆನೆಯಲೂ ಬಾರದು. ಅದರಲ್ಲಿಯೂ ಖಾಸಿಮನ ಪದ. ಮದುವೆಯ ದಿನವೇ ಯುದ್ಧಕ್ಕೆ ಹೋಗಿ ತಿರುಗಿ ಬಾರದ ಮದುಮಗನ ಕತೆ ಅದು. ದೇವದುರ್ಗದಿಂದ ಮಾನ್ವಿಯವರೆಗೆ ಹಳ್ಳಿಯಲ್ಲಿ ಬೆಳೆದ ಯಾರೇ ಆಗಲಿ ಆ ಧಾಟಿಯ ಮೊದಲ ಎಳೆ ಕೇಳಿದರೆ ಗುರುತು ಹಿಡಿಯುತ್ತಾರೆ.

ಶಕ್ತಿನಗರದಲ್ಲಿ ಕರೆಂಟಿನ ದೊಡ್ಡ ಸ್ಥಾವರ ಕಟ್ಟುವ ಕೆಲಸ ನಡೆದಿದ್ದಾಗ ಮೂಕಪ್ಪ ಹರೆಯದವರು. ಊರಿನ ಕೆಲವರ ಜೊತೆ ಗುತ್ತಿಗೆ ಕೂಲಿಗೆ ಹೋದರು. ಸಿಮೆಂಟು ಹೊತ್ತರು. ಆಮೇಲೆ ಯಾರೋ ಮೇಸ್ತ್ರಿ, ಈ ಹುಡುಗ ಮೆತ್ತಗಿದ್ದಾನೆ, ಮಾತು ಕಡಿಮೆ ಎಂದು ನೋಡಿ ಕಾಲೋನಿಯ ಕ್ಲಬ್ಬಿನಲ್ಲಿ ಚಹಾ ಕೊಡುವ ಕೆಲಸಕ್ಕೆ ಹಚ್ಚಿದರು.

ಕ್ಲಬ್ಬಿಗೆ ಗೋವಾದ ಒಬ್ಬ ಎಂಜಿನಿಯರ್ ಬರುತ್ತಿದ್ದರು. ತಾತ ಅವರ ಹೆಸರನ್ನು ಎಂದೂ ಹೇಳುವುದಿಲ್ಲ, ಗೋವಾ ಸಾಹೇಬ್ರು ಎಂದಷ್ಟೇ ಅನ್ನುತ್ತಾರೆ. ಶನಿವಾರ ಸಂಜೆ ಸಾಹೇಬರು ಗಿಟಾರ್ ಹಿಡಿದು ಕುಳಿತು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಕ್ಲಬ್ಬಿನ ಹೆಚ್ಚಿನವರು ಆ ಹೊತ್ತಿಗೆ ಇಸ್ಪೀಟು ಆಡುತ್ತಿದ್ದರು. ಒಂದು ಸಂಜೆ ಸಾಹೇಬರು ಹಾಡಿನ ನಡುವೆ ಸಾಲು ಬಿಟ್ಟು ಎಲ್ಲೋ ಹೋದರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಮೂಕಪ್ಪ ತನಗೆ ಗೊತ್ತಿಲ್ಲದಂತೆ ಕಾಲಲ್ಲಿ ಹೆಜ್ಜೆ ಹಾಕತೊಡಗಿದರು. ಸಾಹೇಬರು ತಿರುಗಿ ಬಂದು ಸಾಲಿಗೆ ಬಿದ್ದದ್ದೂ ಮೂಕಪ್ಪನ ಕಾಲು ನೆಲಕ್ಕೆ ಬಿದ್ದದ್ದೂ ಒಂದೇ ಸಲ ಆಯಿತು. ಸಾಹೇಬರು ಗಿಟಾರ್ ನಿಲ್ಲಿಸಿ ನೋಡಿದರು.

"ಇದು ನಿನಗೆ ಯಾರು ಕಲಿಸಿದರು?"

"ನಮ್ಮಪ್ಪ ರೀ."

"ನಿಮ್ಮಪ್ಪ ಜಾಝ್ ಹಾಡುತ್ತಾನೇನು?"

"ಇಲ್ರೀ, ಕೂಲಿ ಮಾಡ್ತಾನ."

ಸಾಹೇಬರು ನಕ್ಕಿದ್ದನ್ನು ತಾತ ಇನ್ನೂ ಮಾಡಿ ತೋರಿಸುತ್ತಾರೆ, ಹೊಟ್ಟೆ ಕುಣಿಸಿ. ಅಂದಿನಿಂದ ಪಾಠ ಶುರುವಾಯಿತು. ಸಾಹೇಬರು ಹಿಂದಿಯಲ್ಲಿ ಹೇಳುತ್ತಿದ್ದುದನ್ನು ತಾತ ಕನ್ನಡದಲ್ಲಿ ನೆನಪಿಟ್ಟಿದ್ದಾರೆ: "ಕಾಲು ಮನಿಯಾಗ ಇರ್ಲಿ. ಗಂಟಲು ಊರೆಲ್ಲ ತಿರುಗಿ ಬರ್ಲಿ." ಮೂಕಪ್ಪ ಇಂಗ್ಲಿಷ್ ಹಾಡುಗಳ ಮಾತನ್ನು ಕನ್ನಡ ಅಕ್ಷರದಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಬಾಯಿಪಾಠ ಮಾಡಿದರು. ಅರ್ಥ ಕೇಳಿದರೆ ಸಾಹೇಬರು, "ಹೆಂಗಸು ಬಿಟ್ಟು ಹೋದಳು, ಅಷ್ಟೇ. ಎಲ್ಲಾ ಹಾಡಿನಲ್ಲೂ ಅದೇ" ಎನ್ನುತ್ತಿದ್ದರಂತೆ.

ಆ ಕ್ಲಬ್ಬಿನ ವರ್ಷಗಳ ಬಗ್ಗೆ ಮಾತಾಡುವಾಗ ತಾತನ ಮುಖ ಬೇರೆಯಾಗುತ್ತದೆ. ಕಿಟಕಿಯಿಂದ ಕಾಣುತ್ತಿದ್ದ ಚಿಮಣಿಗಳ ಕೆಂಪು ದೀಪ, ಕೃಷ್ಣೆಯ ಕಡೆಯಿಂದ ಬರುವ ಗಾಳಿ, ಬಿಳಿ ಬಟ್ಟೆ ಹಾಸಿದ ಮೇಜು, ಹಾಡು ಮುಗಿದ ಮೇಲೆ ಸಾಹೇಬರು ತಮ್ಮ ತಟ್ಟೆಯಿಂದಲೇ ಎತ್ತಿ ಕೊಡುತ್ತಿದ್ದ ಕೇಕು. ಕಡೆಕಡೆಗೆ ಇಸ್ಪೀಟಿನವರೂ ಎಲೆ ಕೆಳಗಿಟ್ಟು ಕೇಳುತ್ತಿದ್ದರಂತೆ. ಸಾಹೇಬರಿಗೆ ವರ್ಗವಾದಾಗ ಗಿಟಾರನ್ನು ಮೂಕಪ್ಪನಿಗೆ ಬಿಟ್ಟು ಹೋದರು. ಕಂದು ಬಣ್ಣದ್ದು, ತಂತಿಗೆ ಕರೆಂಟು ಬೇಡದ್ದು. ಅದು ಇವತ್ತಿಗೂ ಇದೆ.

ಗಿಟಾರ್ ಹಿಡಿದು ರಾಯಚೂರಿಗೆ ಬಂದವರನ್ನು ಸಲಾವುದ್ದೀನ್ ತಮ್ಮ ಆರ್ಕೆಸ್ಟ್ರಾಕ್ಕೆ ಸೇರಿಸಿಕೊಂಡರು. ಸಲಾವುದ್ದೀನ್ ತೀನ್ ಕಂದೀಲ್ ಚೌಕದ ಹತ್ತಿರದವರು, ಡ್ರಮ್ ಬಾರಿಸುವವರು, ಬಾಯಿ ಜೋರು. ಮೊದಲ ದಿನವೇ ಜಗಳವಾಯಿತು.

"ಅರೇ ಮೂಕಪ್ಪ, ಜನ ಸಿನೆಮಾದ ಹಾಡು ಕೇಳಾಕ ಬಂದಾರ. ನೀನು ಅದನ್ನ ಎಲ್ಲಿಗಿ ಕರ್ಕೊಂಡು ಹೊಂಟಿ?"

"ತಿರುಗಿ ಕರ್ಕೊಂಡು ಬರ್ತೀನಲ್ರೀ ಭಾಯ್."

"ಅಷ್ಟ್ರಾಗ ಜನ ಊಟಕ್ಕ ಎದ್ದಿರ್ತಾರ!"

ಆದರೂ ಬೇಸಿಗೆಗಳು ಚೆನ್ನಾಗಿ ನಡೆದವು. ಆಗ ಮದುವೆಗೆ ಆರ್ಕೆಸ್ಟ್ರಾ ಎಂದರೆ ಊರಿಗೆ ಊರೇ ಸೇರುತ್ತಿತ್ತು. ಟ್ರ್ಯಾಕ್ಟರಿನ ಎರಡು ಟ್ರಾಲಿ ಕೂಡಿಸಿ ಸ್ಟೇಜು, ಸುತ್ತ ಬಣ್ಣದ ಕಾಗದ ಸುತ್ತಿದ ಟ್ಯೂಬ್‌ಲೈಟು, ಹಿಂದೆ ಜನರೇಟರ್. ಜನ ಚೀಟಿಯಲ್ಲಿ ಹಾಡು ಬರೆದು ಕಳಿಸುತ್ತಿದ್ದರು. ಅದರ ಜೊತೆಗೆ, "ಗಿಟಾರಿನವ ಸ್ವಲ್ಪ ಸುತ್ತಾಡಲಿ" ಎಂದೂ ಬರೆಯುತ್ತಿದ್ದರು ಎಂದು ಸಲಾವುದ್ದೀನ್ ಅವರೇ ಒಪ್ಪಿಕೊಂಡಿದ್ದಾರೆ. ಗಿಲ್ಲೆಸುಗೂರು, ಚಂದ್ರಬಂಡ, ಮಾನ್ವಿ, ದೇವದುರ್ಗ ಎಲ್ಲ ಕಡೆ ಜಾಝ್ ಮೂಕಪ್ಪ ಎಂಬ ಹೆಸರು ಬಿದ್ದದ್ದು ಆಗಲೇ.

ಮಾನ್ವಿಯ ಮದುವೆ ಅಂಥದ್ದೇ ಒಂದು ಬೇಸಿಗೆಯಲ್ಲಿ ಬಂತು. ಬಟ್ಟೆ ಅಂಗಡಿಯವರ ಮನೆ. ಸಂಜೆ, ಊಟಕ್ಕೆ ಮುಂಚೆ, ಮದುಮಕ್ಕಳನ್ನು ಸ್ಟೇಜಿನ ಎದುರಿಗೇ ಕುರ್ಚಿಯಲ್ಲಿ ಕೂರಿಸಿದ್ದರು. ಮೂಕಪ್ಪ ಒಂದು ಸಿನೆಮಾ ಹಾಡು ಹಾಡುತ್ತಿದ್ದರು. ನಡುವೆ ಗಿಟಾರಿನ ಸರದಿ ಬಂತು. ಅವತ್ತು ಗಾಳಿ ತಂಪಿತ್ತು, ಜನ ಮೌನವಾಗಿ ಕೇಳುತ್ತಿದ್ದರು, ಕೈ ಹಗುರವಾಗಿತ್ತು. ಕಣ್ಣು ಮುಚ್ಚಿಕೊಂಡರು. ಒಂದು ಸುತ್ತು ಹೋಗಿ ಬಂದರು. ಜನ ಸಿಳ್ಳೆ ಹಾಕಿದರು. ಇನ್ನೊಂದು ಸುತ್ತು ಹೋದರು. ಈ ಸಲ ಗಿಟಾರಿನ ಜೊತೆ ಗಂಟಲೂ ಹೊರಟಿತು. ಮಾತಿಲ್ಲ, ಬರೀ "ಓ" ಎನ್ನುವ ಎಳೆತ. ಯಾವ ದಾರಿಯಲ್ಲಿ ಹೊರಟಿದ್ದೇನೆ ಎಂದು ತಮಗೆ ತಿಳಿಯಲೇ ಇಲ್ಲ ಎನ್ನುತ್ತಾರೆ. ಚಿಕ್ಕಂದಿನಿಂದ ಸವೆದ ದಾರಿ ಅದು, ಹಾಗಾಗಿ ತಿಳಿಯಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಮದುಮಗನ ಅಜ್ಜಿ ಎದ್ದು ನಿಂತಳು.

"ಏ, ನಿಲ್ಲಸ್ರೋ! ಖಾಸಿಮನ ಪದ ಅದು! ನನ್ನ ಮೊಮ್ಮಗ ಬಾಸಿಂಗ ಕಟ್ಕೊಂಡು ಕುಂತಾನ, ಅವನ ಮುಂದ ಖಾಸಿಮನ ಪದ ಹಾಡಾಕತ್ತಾನಲ್ಲೋ ಯಪ್ಪಾ!"

ಸಲಾವುದ್ದೀನ್ ಅವರ ಕೋಲು ಗಾಳಿಯಲ್ಲೇ ನಿಂತಿತು. ಅವರಿಗೂ ಆ ಧಾಟಿ ಗೊತ್ತಾಗಿತ್ತು, ಆದರೆ ಹೇಳುವಷ್ಟು ಹೊತ್ತು ಸಿಗಲಿಲ್ಲ. ಸಿಳ್ಳೆ ಹಾಕಿದವರೆಲ್ಲ ತಲೆ ತಗ್ಗಿಸಿದರು. ಮದುಮಗಳು ಅಳತೊಡಗಿದಳು. ಯಾರೂ ಕೈ ಮಾಡಲಿಲ್ಲ. ಮನೆಯ ಯಜಮಾನ ಸ್ಟೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಾಡು ಸಾಕು. ಊಟ ಮಾಡಿ ಹೋಗ್ರಿ" ಎಂದ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ತಾತ ಹೇಳುತ್ತಾರೆ. ಪಂಕ್ತಿಯ ತುದಿಗೆ ಇವರನ್ನು ಕೂರಿಸಿ ಬಡಿಸಿದರು. ಬಡಿಸುವವರೂ ಮುಖ ನೋಡಲಿಲ್ಲ. ಮೂಕಪ್ಪ ಎಲೆ ಮುಟ್ಟಲಿಲ್ಲ.

ಸಲಾವುದ್ದೀನ್ ಪಿಸುಗುಟ್ಟಿದರು: "ತಿನ್ನು ರೇ. ಹೋಳಿಗಿ ಛಲೋ ಅದ. ಇನ್ನ ಮುಂದ ಮಾನ್ವ್ಯಾಗ ನಮಗ ಹೋಳಿಗಿ ಯಾರು ಹಾಕ್ತಾರ?"

ಆ ಮದುಮಗನಿಗೆ ಏನೂ ಆಗಲಿಲ್ಲ. ನಾನು ವಿಚಾರಿಸಿದ್ದೇನೆ. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ, ಬಟ್ಟೆ ಅಂಗಡಿ ಎರಡಾಗಿದೆ. ಆದರೆ ಅಂದಿನ ಮಾತು ದೇವದುರ್ಗದ ಸಂತೆಗೆ ಮೂಕಪ್ಪನಿಗಿಂತ ಮೊದಲೇ ಮುಟ್ಟಿತ್ತು. ಆ ವರ್ಷದ ಮೊಹರಂಗೆ ಊರಿಗೆ ಹೋದಾಗ ಅಪ್ಪ ಮೇಳದವರೆಲ್ಲರ ಎದುರಿಗೆ ಕೇಳಿದ.

"ಹೌದೇನಲೇ?"

"ಬೇಕಂತ ಹಾಡಿಲ್ಲ ಯಪ್ಪಾ. ಕೈ ಹೋತು."

"ಎಲ್ಲಿ ಹಾಡಬೇಕು ಅನ್ನೂದು ತಿಳೀದವ ಹಾಡಬಾರದು. ಇನ್ನ ನೀ ಅಲಾಯಿ ಮುಂದ ಬಾಯಿ ತೆರಿಬ್ಯಾಡ."

ಮೂಕಪ್ಪ ಅಂದು ಸಂಜೆಯ ಬಸ್ಸಿಗೆ ತಿರುಗಿ ಬಂದರು. ಮದುವೆಯಲ್ಲಿ ಹಾಡುವಂತಿಲ್ಲ, ಊರಿನಲ್ಲಿ ಹಾಡುವಂತಿಲ್ಲ. ಗೋವಾಕ್ಕೆ ಹೋದರು. ಸಾಹೇಬರು ನಿವೃತ್ತರಾಗಿ ಅಲ್ಲಿದ್ದರು, ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಸಂಜೆ ಹಾಡುವ ಕೆಲಸ ಕೊಡಿಸಿದರು. ಬಿಳಿ ಅಂಗಿ ಹಾಕಿ, ಎತ್ತರದ ಸ್ಟೂಲಿನ ಮೇಲೆ ಕೂತು, ಮನಸ್ಸಿಗೆ ಬಂದಷ್ಟು ಸುತ್ತಬಹುದಿತ್ತು. ಯಾರೂ ನಿಲ್ಲಿಸುತ್ತಿರಲಿಲ್ಲ. ಎಲ್ಲದಕ್ಕೂ ಚಪ್ಪಾಳೆ ಬೀಳುತ್ತಿತ್ತು. ಹಾಗಿದ್ದರೆ ಯಾಕೆ ತಿರುಗಿ ಬಂದಿರಿ ಎಂದು ಕೇಳಿದ್ದಕ್ಕೆ ತಾತ ತಂತಿ ಒರೆಸುತ್ತ ಹೇಳಿದರು:

"ಅಲ್ಲಿ ನಾ ಹಾದಿ ತಪ್ಪಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಸರಿ ಬಂದ್ರೂ ಗೊತ್ತಾಗ್ತಿರಲಿಲ್ಲ. ಮೀನ ತಿಂತಿದ್ರು, ಚಪ್ಪಾಳಿ ತಟ್ತಿದ್ರು. ಆ ಮಾನ್ವಿ ಮುದುಕಿ ನೋಡು, ಆಕಿಗೆ ಗೊತ್ತಾತು. ಹಾಡು ಹಾಡಿದ್ರ ಅಂಥಾ ಮುದುಕಿ ಮುಂದ ಹಾಡಬೇಕು."

ರಾಯಚೂರಿಗೆ ಬಂದಾಗ ಸಲಾವುದ್ದೀನ್ ಮೂಕಪ್ಪನನ್ನು ತಿರುಗಿ ಸೇರಿಸಿಕೊಂಡರು, ಒಂದು ಕರಾರಿನ ಮೇಲೆ. "ಕ್ಯಾಸೆಟ್ಟಿನ್ಯಾಗ ಹ್ಯಾಂಗ ಅದೋ ಹಂಗ. ಒಂದು ಕೂದಲು ಆಕಡಿ ಈಕಡಿ ನಕ್ಕೋ, ಬ್ಯಾಡ." ಮೂಕಪ್ಪ ಒಪ್ಪಿದರು. ಒಪ್ಪಿದ ಮೇಲೆ ಅದನ್ನು ಅಷ್ಟೇ ಶ್ರದ್ಧೆಯಿಂದ ಮಾಡಿದರು. ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ, ಹಾಡಿದವರು ಎಲ್ಲಿ ಉಸಿರು ತೆಗೆದಿದ್ದಾರೋ ಅಲ್ಲೇ ತಾವೂ ತೆಗೆಯುತ್ತಿದ್ದರು. ಬೇಸಿಗೆಯ ಮೇಲೆ ಬೇಸಿಗೆ ಹೋಯಿತು. ನಿಧಾನವಾಗಿ ಮಾನ್ವಿಯವರೂ ಕರೆದರು. ಜನ ಸ್ಟೇಜಿನ ಹತ್ತಿರ ಬಂದು, "ಕಣ್ಣು ಮುಚ್ಚಿ ಕೇಳಿದ್ರ ಟೇಪ್ ಹಚ್ಚಿದಂಗ ಅದ ನೋಡ್ರಿ" ಎಂದು ಹೊಗಳುತ್ತಿದ್ದರು.

ಆ ಹೊಗಳಿಕೆ ಸಿಕ್ಕ ದಿನ ಅವರು ಮನೆಗೆ ಬಂದು ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಗಿಲ್ಲೆಸುಗೂರಿನ ನಾಗವೇಣಮ್ಮನವರ ಜೊತೆ ಮದುವೆಯಾಗಿತ್ತು. ಅವರು ಅಂಗನವಾಡಿ ಟೀಚರ್ ಆಗಿದ್ದವರು, ಮಾತಿಗೆ ಹೆದರುವವರಲ್ಲ. "ಸಿಟ್ಟು ಬಂದ್ರ ಮಂದಿ ಗಂಡಸರು ಊಟ ಬಿಡ್ತಾರ, ನಮ್ಮವರು ದನಿ ಬಿಡ್ತಾರ. ಒಟ್ಟು ಊಟ ಮಾಡ್ತಿದ್ರು, ಅದೊಂದು ಪುಣ್ಯ" ಎಂದು ಅವರು ನಗುತ್ತಾರೆ. ಒಂದು ಸಲ ಮಾತ್ರ ನಗದೆ ಹೇಳಿದರು. ಮನೆಯಲ್ಲಿ ಒಬ್ಬರೇ ಇದ್ದಾಗಲಾದರೂ ನಿಮಗೆ ಬೇಕಾದ ಹಾಗೆ ಹಾಡಿರಿ ಎಂದು ಅವರು ಬೇಡಿದ್ದರಂತೆ. "ಒಬ್ನ ಹಾಡಿದ್ರ ತಿರುಗಿ ಕೊಡೋರು ಯಾರು?" ಎಂದು ಇವರು ಕೇಳಿದರಂತೆ.

ಅಪ್ಪ ತೀರಿಕೊಂಡಾಗ ಹೋಗಿ ಮಣ್ಣು ಹಾಕಿ ಬಂದರು. ಮೇಳದಲ್ಲಿ ಮುಂದೆ ನಿಲ್ಲುವ ಜಾಗ ಅಣ್ಣನಿಗೆ ಹೋಯಿತು. ಸಾಯುವ ಮುಂಚೆ ಅಪ್ಪ ನಿಮ್ಮ ವಿಷಯ ಏನಾದರೂ ಹೇಳಿದರೇ ಎಂದು ನಾನು ಕೇಳಿದ್ದೆ. "ಮಜ್ಜಿಗಿ ಕೇಳಿದ್ನಂತ" ಎಂದರು ತಾತ. ಹೀಗೆ ಬಾಯಿ ತೆರೆಯಬೇಡ ಎಂಬ ಆ ಮಾತು ಹಾಗೇ ಉಳಿಯಿತು. ಹೇಳಿದವನು ಇಲ್ಲ, ಅಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವವರೂ ಇಲ್ಲ.

ಆಮೇಲೆ ಡಿಜೆ ಬಂತು. ಸಲಾವುದ್ದೀನ್ ಅವರ ಮಗ ಸೊಹೇಲ್‌ನೇ ರಾಯಚೂರಿನಲ್ಲಿ ದೊಡ್ಡ ಡಿಜೆ ಇಟ್ಟ. "ಹೊರಗಿನವ್ರು ಯಾಕ ಬೇಕು, ನನ್ನ ಮಗನ ನನ್ನ ಜಾಝ್ ಅಟ್ಟಕ್ಕ ಏರಿಸಿದ" ಎನ್ನುತ್ತಾರೆ ಸಲಾವುದ್ದೀನ್. ಆರ್ಕೆಸ್ಟ್ರಾ ನಿಂತಿತು. ಮೂಕಪ್ಪ ತಾತ ಗಿರಣಿಯ ಪಕ್ಕ ಕೋಣೆ ಹಿಡಿದರು. ಇಬ್ಬರೂ ಈಗಲೂ ಸಂಜೆ ಆ ಕೋಣೆಯ ಮುಂದೆ ಕೂತು ಚಹಾ ಕುಡಿಯುತ್ತಾರೆ. ಟ್ರಾಲಿ ಸ್ಟೇಜು ಒಂದು ಕಡೆ ಬಾಗಿ ಡ್ರಮ್ ಉರುಳಿಹೋದದ್ದು, ಚಂದ್ರಬಂಡದಲ್ಲಿ ಜನರೇಟರಿನ ಎಣ್ಣೆ ಮುಗಿದು ಕಂದೀಲಿನ ಬೆಳಕಿನಲ್ಲಿ ಹಾಡಿದ್ದು ಎಲ್ಲ ನೆನೆಸುತ್ತಾರೆ. ಮಾನ್ವಿಯದನ್ನು ಮಾತ್ರ ತೆಗೆಯುವುದಿಲ್ಲ.

ಹೋದ ಚಳಿಗಾಲದಲ್ಲಿ ತಾತನ ಅಣ್ಣ ತೀರಿಕೊಂಡರು. ಮೊಹರಂ ಹತ್ತಿರ ಬಂದಾಗ ಅಣ್ಣನ ಮಗ ಗೌತಮನ ಫೋನು ಬಂತು. ಗೌತಮ ದೇವದುರ್ಗದಲ್ಲಿ ಹೈಸ್ಕೂಲ್ ಮಾಸ್ತರ.

"ಕಾಕಾ, ಈ ಸಲ ಮುಂದ ನಿಂದ್ರವ್ರು ಯಾರೂ ಇಲ್ಲ. ಹುಡುಗ್ರು ಅಪ್ಪನ ಪದ ಮೊಬೈಲ್ದಾಗ ತುಂಬಿಟ್ಟಾರ. ಅದನ್ನ ಸ್ಪೀಕರಿಗಿ ಹಚ್ಚಿ ಹೆಜ್ಜಿ ಹಾಕೂಣು ಅಂತಾರ. ನೀವು ಬರ್ರಿ."

"ನನಗ ಬಾಯಿ ತೆರಿಬ್ಯಾಡ ಅಂದಾರಪ್ಪ."

"ಯಾರಂದ್ರು?"

"ನಿಮ್ಮ ತಾತ."

ಮೂಕಪ್ಪ ತಾತ ಫೋನಿಟ್ಟರು. ಆಮೇಲೆ ಒಂದು ವಾರ ಅವರು ಒಂದು ತಂತಿಯನ್ನೂ ಸರಿಯಾಗಿ ಕೂಡಿಸಲಿಲ್ಲ. ಜೋಳ ಬೀಸಿದರೂ ಅಷ್ಟೇ, ಗೋಧಿ ಬೀಸಿದರೂ ಅಷ್ಟೇ. ನಾಗವೇಣಮ್ಮ ಕಡೆಗೆ ತಾವೇ ಚೀಲ ಕಟ್ಟಿದರು. ಅದರ ಜೊತೆ ಸಾಹೇಬರ ಗಿಟಾರನ್ನೂ ಹೊರಗಿಟ್ಟರು. "ಹಾಡಬ್ಯಾಡ್ರಿ. ನಿಮ್ಮವ್ವನ್ನ ನೋಡಿ ಬರೂಣು ನಡೀರಿ" ಎಂದರು. ನನ್ನನ್ನೂ ಕರೆದರು.

ಹಬ್ಬದ ಕಡೆಯ ದಿನ ಬೆಳಿಗ್ಗೆ ನಾವು ಊರು ಮುಟ್ಟಿದೆವು. ಮಸೂತಿ ಕಟ್ಟೆಯ ಮೇಲೆ ಒಂದು ಕರಿ ಸ್ಪೀಕರ್ ಇಟ್ಟಿದ್ದರು. ತೀರಿಹೋದ ಅಣ್ಣನ ದನಿ ಅದರಿಂದ ಬರುತ್ತಿತ್ತು, ಹುಡುಗರು ಹೆಜ್ಜೆ ಹಾಕುತ್ತಿದ್ದರು. ನೋಡಲು ಏನೂ ತಪ್ಪಿರಲಿಲ್ಲ. ಆದರೆ ಅಣ್ಣ ರೆಕಾರ್ಡಿನಲ್ಲಿ ಒಂದು ಕಡೆ ಕೆಮ್ಮಿದ್ದರು. ಪದ ತಿರುಗಿ ಹಚ್ಚಿದಾಗಲೆಲ್ಲ ಅದೇ ಜಾಗದಲ್ಲಿ ಕೆಮ್ಮು ಬರುತ್ತಿತ್ತು. ಮೂರನೆಯ ಸಲ ಕೇಳಿದಾಗ ತಾತ ಕಣ್ಣೊರೆಸಿಕೊಂಡು ಕಟ್ಟೆಯ ಕಡೆ ಹೋದರು.

ಅಲಾಯಿ ದೇವರ ಸೇವೆ ಮಾಡುವ ಖಾಜಾಮಿಯಾ ಅವರು ಬೇವಿನ ನೆರಳಿನಲ್ಲಿ ಕೂತಿದ್ದರು. ತಾತನಿಗಿಂತ ಹಿರಿಯರು. ಮೊದಲು ಗಿಟಾರನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕ ಕರೆಂಟು ಬೇಕೇನು?"

"ಬ್ಯಾಡ್ರೀ."

"ಹಂಗಾದ್ರ ಅಡ್ಡಿ ಇಲ್ಲ. ಹಲಗಿ ಬಡಿಯೂದು ನಡೀತದ, ತಾಷಾ ನಡೀತದ, ಇದೂ ಒಂದು ಕಟಿಗಿ. ಹಾಡ್ತಿಯೇನು?"

"ಅದನ್ನ ಕೇಳಾಕ ಬಂದೀನ್ರಿ. ಅಪ್ಪನ ಮಾತು ಅದ. ದೇವರ ಮುಂದ ಅದನ್ನ ಹ್ಯಾಂಗ ಇಳಿಸೂದು?"

ಖಾಜಾಮಿಯಾ ಗಡ್ಡ ತುರಿಸಿಕೊಂಡರು. "ದೇವರಿಗ್ಯಾಕ ಹಚ್ತಿ? ದೇವರು ಏನೂ ಅಂದಿಲ್ಲ. ಅದು ನಿಮ್ಮಪ್ಪನ ಸಿಟ್ಟು. ಅವನ ಸಿಟ್ಟು ಎಲ್ಲಾ ಸಂಭಾಳಿಸಿದಾಕಿ ಮನಿಯಾಗ ಕುಂತಾಳ. ಹೋಗಿ ಆಕಿನ್ನ ಕೇಳು."

ಬಸ್ಸಮ್ಮ ಅಡಿಗೆ ಒಲೆಯ ಮುಂದೆ, ಅಲಾಯಿಗೆ ಒಯ್ಯುವ ಚೊಂಗೆ ರೊಟ್ಟಿಗಳಿಗೆ ಬೆಲ್ಲದ ಪುಡಿ ಮೆತ್ತುತ್ತ ಕೂತಿದ್ದರು. ಕಣ್ಣು ಮಂಜು, ಕಿವಿ ಚುರುಕು. ಮಗ ಬಾಗಿಲಲ್ಲಿ ನಿಂತು ವಿಷಯ ಹೇಳಿದ್ದನ್ನೆಲ್ಲ ಕೇಳಿದರು, ಕೈ ನಿಲ್ಲಿಸಲಿಲ್ಲ.

"ಮುದುಕ ಆದಿ. ಇನ್ನ ಅಪ್ಪಗ ಅಂಜ್ತಿಯೇನಲೇ?"

"ಅಂಜೂದಲ್ಲ ಯವ್ವಾ. ಅಂದ ಮಾತು ಅಂದ ಮಾತಲ್ಲ."

"ನನಗೂ ಭಾಳ ಮಾತು ಅಂದಾನ. ನಾ ಎಲ್ಲಾ ಕೇಳಿದ್ರ ನೀವ್ಯಾರೂ ಹುಟ್ತಿರಲಿಲ್ಲ." ನಾಗವೇಣಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಬಸ್ಸಮ್ಮ ಮುಂದುವರಿಸಿದರು: "ಅವತ್ತು ನಿನ್ನ ಬೈದು ಕಳಿಸಿ ಒಳಗ ಬಂದ. ಉಣ್ಣಲಿಲ್ಲ. ಯಾಕ ಅಂದೆ. 'ಮೂಕ್ಯಾ ಆ ಪದ ಮಾನ್ವ್ಯಾಗ ಹ್ಯಾಂಗ ಹಾಡಿದ್ನೋ ಏನೋ, ಮುದುಕಿ ಎದ್ದು ನಿಂತಳಂತ. ನನಗ ಕೇಳಾಕ ಸಿಗಲಿಲ್ಲ' ಅಂದ."

ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಷ್ಟು ವರ್ಷ ಯಾಕ ಹೇಳಲಿಲ್ಲ ಬೇ?" ಎಂದರು.

"ನೀ ಕೇಳಿದ್ಯೇನು? ಅಪ್ಪ ಮಗ ಮಾರಿ ಊದಿಸ್ಕೊಂಡು ಕುಂತ್ರಿ. ನನ್ನ ಯಾರು ಕೇಳಿದ್ರಿ?" ಬಸ್ಸಮ್ಮ ಕೈಗೆ ಹತ್ತಿದ ಬೆಲ್ಲ ನೆಕ್ಕಿಕೊಂಡರು. "ಹೋಗು, ಹಾಡು. ನಾ ಹೇಳೀನಿ. ಆದ್ರ ಸೀದಾ ಹಾಡಬ್ಯಾಡ. ಸೀದಾ ಹಾಡಾಕ ಆ ಕರಿ ಡಬ್ಬಿ ಅದಲ್ಲ."

ಸಂಜೆಗೆ ದೇವರುಗಳು ಹಳ್ಳಕ್ಕೆ ಹೊರಟವು. ಮೋಡ ಕವಿದಿತ್ತು, ಆದರೆ ಮಳೆ ಬರಲಿಲ್ಲ. ಹಳ್ಳದ ದಂಡೆಯ ಉಸುಕಿನಲ್ಲಿ ಮೇಳ ದುಂಡಗೆ ನಿಂತಿತು. ಕಡೆಯ ದಿನ ಹಾಡುವುದು ಬೀಳ್ಕೊಡುವ ಪದ. ಗೌತಮ ಸ್ಪೀಕರನ್ನು ಒಬ್ಬ ಹುಡುಗನ ಬೈಕಿನ ಮೇಲಿಟ್ಟು ಬಂದು ಮೇಳದಲ್ಲಿ ಸೇರಿಕೊಂಡ. ಹರೆಯದವರು ಕೆಲವರು ಗಿಟಾರ್ ನೋಡಿ ಮೊಣಕೈಯಲ್ಲಿ ತಿವಿದುಕೊಂಡರು. "ಕಾಕಾ, ಶಾದಿ ಆರ್ಕೆಸ್ಟ್ರಾ ಮಾಡಬ್ಯಾಡ್ರಿ ಮತ್ತ" ಎಂದು ಒಬ್ಬ ಅಂದ. ತಾತ ಕೇಳಿಸಿಕೊಳ್ಳಲಿಲ್ಲವೋ ಏನೋ. ತಂತಿಯ ಮೇಲೆ ಬೆರಳಿಟ್ಟು ಹೆಜ್ಜೆ ಶುರುಮಾಡಿದರು.

ಮೊದಲ ಸಾಲನ್ನು ಇದ್ದಹಾಗೆ ಹಾಡಿದರು. ದನಿ ಒಡಕಾಗಿತ್ತು. ಮೇಳ ತಿರುಗಿ ಕೊಟ್ಟಿತು. ಎರಡನೆಯದೂ ಇದ್ದಹಾಗೆ. ಇಷ್ಟು ವರ್ಷ ಕ್ಯಾಸೆಟ್ಟಿನಂತೆ ಹಾಡಿದ ಗಂಟಲು ಅದು, ಬೇರೆ ದಾರಿ ಮರೆತಿದೆ ಎಂದು ನನಗೆ ಭಯವಾಯಿತು. ಮೂರನೆಯ ಸಾಲಿನ ಅರ್ಧಕ್ಕೆ ಅವರು ನಿಂತರು.

ನಿಂತೇ ಇದ್ದರು. ಕಾಲು ಮಾತ್ರ ಉಸುಕಿನಲ್ಲಿ ನಡೆಯುತ್ತಿತ್ತು. ಹುಡುಗರು ಮರೆತರೇನೋ ಎಂದು ಮುಖ ಮುಖ ನೋಡಿಕೊಂಡರು, ಒಬ್ಬನ ಹೆಜ್ಜೆ ತಪ್ಪಿತು. ಹಿರಿಯರು ಕದಲಲಿಲ್ಲ, ಹೆಜ್ಜೆ ಹಾಕುತ್ತ ಕಾದರು. ಆಗ ತಾತ ಮೇಲಿನ ಒಂದು ಸ್ವರವನ್ನು ಮೆಲ್ಲಗೆ ಹಿಡಿದರು, ಗಿಟಾರು ಅದರ ಬೆನ್ನಿಗೆ ಬಂತು. ಆ ಸ್ವರ ನಮ್ಮ ಪದದ್ದಲ್ಲ. ನಾನು ಕ್ಲಬ್ಬು ನೋಡಿದವಳಲ್ಲ, ಆದರೂ ಅದು ಅಲ್ಲಿಯದೇ ಎಂದು ಅನ್ನಿಸಿತು. ಅದು ಹಳ್ಳದ ಮೇಲಿನಿಂದ ಹೋಯಿತು, ಕೆಳಗಿಳಿಯಿತು, ಒಂದು ಕಡೆ ತಡವರಿಸಿತು. ಹೆಂಗಸರ ಕಡೆ ಯಾರೋ "ಅಯ್ಯಯ್ಯ, ಹೋತು" ಎಂದರು. ತಾತ ಕಣ್ಣು ತೆರೆದು ಆ ಕಡೆ ನೋಡಿದರು, ಮುಖದಲ್ಲಿ ನಗು ಮೂಡಿತು, ಮುಂದಿನ ಹೆಜ್ಜೆಗೆ ಸರಿಯಾಗಿ ಸಾಲಿನ ಉಳಿದ ಅರ್ಧವನ್ನು ತಂದು ಇಟ್ಟರು.

ಮೇಳ ಅದನ್ನು ಎತ್ತಿಕೊಂಡಿತು. ಗೌತಮ ಎತ್ತಿಕೊಂಡ, ತಿವಿದುಕೊಂಡ ಹುಡುಗರೂ ಎತ್ತಿಕೊಂಡರು.

ಅಲಾಯಿ ದೇವರ ಮುಂದೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಯಾರೂ ಶಹಬ್ಬಾಸ್ ಎನ್ನಲಿಲ್ಲ. ಸಾಲು ಮುಗಿದ ಮೇಲೆ ತಾತ ಸ್ಟೇಜಿನ ಅಭ್ಯಾಸಕ್ಕೋ ಏನೋ, ಸುತ್ತ ನೋಡಿದರು. ಜನ ಕಾಯುತ್ತಿದ್ದರು, ಅಷ್ಟೇ. ಹೆಜ್ಜೆ ನಡೆಯುತ್ತಲೇ ಇತ್ತು.

"ಮುಂದಿನ ನುಡಿ ಎತ್ತೋ ಮಾರಾಯ, ಹೊತ್ತು ಮುಳುಗಾಕತ್ತೈತಿ. ಇನ್ನ ಭಾಳ ಅದಾವು" ಎಂದರು ಖಾಜಾಮಿಯಾ, ಹೆಗಲ ಮೇಲಿನ ದೇವರನ್ನು ಸರಿಮಾಡಿಕೊಳ್ಳುತ್ತ.

"ಹೂಂ ರೀ" ಎಂದು ಮೂಕಪ್ಪ ತಾತ ಮುಂದಿನ ನುಡಿ ಎತ್ತಿದರು.